ಈಗ ಬರುತ್ತೆ, ಕೂತ್ಕೊಳ್ಳಿ

ಹೆಂಡತಿಯನ್ನು ಊರಿಗೆ ಊರೇ ಸಿಸ್ಟರ್ ಎಂದು ಕರೆಯುವಾಗ ಗಂಡನಾದವನು ಊರಿಗೆ ಏನಾಗಬೇಕು? ಭಾವನಾಗಬೇಕು, ಬೇರೆ ದಾರಿಯಿಲ್ಲ. ನರ್ಸನ್ನು ಮದುವೆಯಾದ ಹೊಸದರಲ್ಲಿ ಆಸ್ಪತ್ರೆಯ ಗೇಟಿನ ಹತ್ತಿರ ಇವರೇ ಹೇಳಿದ ಜೋಕು ಅದು. ಹೇಳಿದವರ ಬೆನ್ನಿಗೇ ಅಂಟಿಕೊಂಡಿತು. ಗೇಟಿನ ಕಾವಲುಗಾರ ಭಾವ ಎಂದ, ಔಷಧಿ ಅಂಗಡಿಯವನು ಭಾವ ಎಂದ, ಕೊನೆಗೆ ಸ್ವಂತ ಅಣ್ಣನ ಮಕ್ಕಳೂ ಚಿಕ್ಕಪ್ಪ ಎನ್ನುವುದನ್ನು ಮರೆತು ಭಾವ ಎನ್ನತೊಡಗಿದವು. ಭಾವನವರಿಗೆ ಅದರಿಂದ ಯಾವ ಅಭಾವವೂ ಆಗಲಿಲ್ಲ. ಮನುಷ್ಯನಿಗೆ ಸಂಬಂಧ ಎಷ್ಟಿದ್ದರೂ ಹಿಡಿಯುತ್ತದೆ ಎಂಬುದು ಅವರ ಅಭಿಪ್ರಾಯ.

ಅವರ ಉದ್ಯೋಗವೂ ಹಾಗೇ ಇತ್ತು. ಬಸ್ ಸ್ಟ್ಯಾಂಡಿನ ವಿಚಾರಣೆ ಕೌಂಟರು. ಗಾಜಿನಲ್ಲಿ ಅರ್ಧಚಂದ್ರದ ತೂತು. ಆಚೆ ಜನ, ಈಚೆ ಭಾವ. ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ, ಅವರು ಕೊಡುವುದು ಒಂದೇ ಉತ್ತರ: "ಈಗ ಬರುತ್ತೆ, ಕೂತ್ಕೊಳ್ಳಿ." ಬಸ್ಸು ಡಿಪೋ ಬಿಟ್ಟಿರಲಿ, ಬಿಡದಿರಲಿ, ದಾರಿಯಲ್ಲಿ ಗಾಲಿ ಬಿಚ್ಚಿಕೊಂಡು ಮಲಗಿರಲಿ, ಉತ್ತರದಲ್ಲಿ ಒಂದಕ್ಷರ ಹೆಚ್ಚುಕಮ್ಮಿಯಿಲ್ಲ. ಕೆಲಸಕ್ಕೆ ಸೇರಿದ ದಿನವೇ ಕೌಂಟರಿನ ಹಿರಿಯರು ಕಿವಿಯಲ್ಲಿ ಊದಿದ ಮಂತ್ರ ಅದು. "ನೋಡಯ್ಯಾ, ಬಸ್ ಇಲ್ಲ ಅಂದ್ರೆ ಜನ ಎದ್ದು ನಿಲ್ತಾರೆ. ಎದ್ದು ನಿಂತವನಿಗೆ ಕೈ ಬರುತ್ತೆ. ಈಗ ಬರುತ್ತೆ ಅಂದ್ರೆ ಕೂರ್ತಾರೆ. ಕೂತವನು ಯಾರನ್ನೂ ಹೊಡೆದಿದ್ದು ನಾನು ಕಾಣೆ."

ಮದುವೆಯಾದ ಮೊದಲ ವರ್ಷವೇ ಸಿಸ್ಟರ್ ಕೇಳಿದ್ದರು, "ಅಲ್ಲಾರೀ, ಅದು ಸುಳ್ಳಲ್ವಾ?"

"ಸುಳ್ಳು ಹ್ಯಾಗೆ ಆಗುತ್ತೆ? ಯಾವತ್ತಾದ್ರೂ ಒಂದಿನ ಬಂದೇ ಬರುತ್ತಲ್ಲ."

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೀಗೆ ಕೂರಿಸಿದ ಮೇಲೆ ಆ ಮಾತು ನಾಲಿಗೆಯಿಂದ ಇಳಿದು ರಕ್ತಕ್ಕೆ ಸೇರಿತು. ಮನೆಯ ನಲ್ಲಿ ಕೆಟ್ಟರೂ ಸರಿಹೋಗುತ್ತೆ, ಅತ್ತೆಗೆ ಉಬ್ಬಸ ಬಂದರೂ ಕಮ್ಮಿಯಾಗುತ್ತೆ. ಇವರಿಬ್ಬರಿಗೆ ಮಕ್ಕಳಾಗಲಿಲ್ಲ. ಅದರ ಬಗ್ಗೆಯೂ ಭಾವ ಬಹಳ ವರ್ಷ "ಆಗುತ್ತೆ" ಎನ್ನುತ್ತಿದ್ದರು. ಒಂದು ದಿನ ಸಿಸ್ಟರ್ ಬಟ್ಟೆ ಮಡಿಸುತ್ತ, "ಇನ್ನು ಆ ಮಾತು ಬೇಡ" ಎಂದರು. ಅವತ್ತಿನಿಂದ ಆ ಒಂದು ವಿಷಯದಲ್ಲಿ ಮಾತ್ರ ಭಾವ ಸುಮ್ಮನಾದರು.

ಆಮೇಲೆ ಬಸ್ ಸ್ಟ್ಯಾಂಡಿಗೆ ಕಂಪ್ಯೂಟರ್ ಬಂತು, ಧ್ವನಿವರ್ಧಕದಲ್ಲಿ ಯಾರದೋ ಮಧುರ ಕಂಠ ಬಂತು, ಭಾವನವರ ತೂತಿಗೆ ಹಲಗೆ ಬಡಿದರು. ಸ್ವಯಂ ನಿವೃತ್ತಿ ಎಂದು ಕಾಗದ ಕೊಟ್ಟರು. ಅದರಲ್ಲಿ ಸ್ವಯಂ ಎನ್ನುವುದೊಂದು ಬಿಟ್ಟು ಉಳಿದದ್ದೆಲ್ಲ ನಿಜ. ಅದೇ ಹೊತ್ತಿಗೆ ಸಿಸ್ಟರಿಗೆ ಹೊರದೇಶದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಭಾವ ಹಿಂದೆ ಹೊರಟರು. ಅವರ ವೀಸಾದ ಮೇಲೆ ಅವಲಂಬಿತ ಎಂದು ಮುದ್ರೆ, ಅದರ ಕೆಳಗೆ ಸಂಬಳದ ಕೆಲಸ ಮಾಡುವಂತಿಲ್ಲ ಎಂದು ಇನ್ನೊಂದು ಸಾಲು. "ನಾನು ಮೊದಲಿಂದಲೂ ಅವಲಂಬಿತನೇ. ಈಗ ಗೌರ್ಮೆಂಟೇ ಒಪ್ಕೊಂಡಿದೆ ಅಷ್ಟೇ" ಎಂದು ಭಾವ ಅಲ್ಲಿ ಮನೆಗೆ ಬಂದವರಿಗೆಲ್ಲ ಹೇಳಿ ನಗಿಸಿದರು. ಬಂದವರು ಹೋದ ಮೇಲೆ ಕಿಟಕಿಯ ಹತ್ತಿರ ಹೋಗಿ ನಿಂತರು.

ಆ ಕಿಟಕಿಯೇ ಅವರ ಮೊದಲ ವರ್ಷ. ಮೂರನೆಯ ಮಹಡಿಯ ಎರಡು ಕೋಣೆಯ ಮನೆ. ಕೆಳಗೆ ಬಸ್ ನಿಲ್ದಾಣ, ಅದರ ತಲೆಯ ಮೇಲೆ ಒಂದು ಬೆಳಕಿನ ಹಲಗೆ. ಎಷ್ಟು ನಿಮಿಷದಲ್ಲಿ ಬಸ್ಸು ಬರುತ್ತದೆಂದು ಹಲಗೆಯೇ ಹೇಳುತ್ತದೆ, ಬಸ್ಸೂ ಮಾನಮರ್ಯಾದೆಯಿಲ್ಲದೆ ಅಷ್ಟೇ ಹೊತ್ತಿಗೆ ಬಂದುಬಿಡುತ್ತದೆ. ಯಾರೂ ಯಾರನ್ನೂ ಏನನ್ನೂ ಕೇಳುವುದಿಲ್ಲ. ಇಂಥ ಊರಿನಲ್ಲಿ ತನ್ನಂಥವನು ಹುಟ್ಟಿದ್ದರೆ ಉಪವಾಸ ಸಾಯಬೇಕಿತ್ತು ಎಂದುಕೊಳ್ಳುತ್ತ ಭಾವ ಗಾಜಿಗೆ ಹಣೆ ಹಚ್ಚಿ ನಿಲ್ಲುವರು. ಅರ್ಧಚಂದ್ರದ ತೂತೂ ಇಲ್ಲದ ಗಾಜು. ಸಿಸ್ಟರ್ ಪಾಳಿ ಮುಗಿಸಿ ಬಂದು ನೋಡಿದರೆ ಗಾಜಿನ ಮೇಲೆ ಹಣೆಯ ಜಿಡ್ಡು.

"ಈ ಕಿಟಕಿ ಒರೆಸಿ ಒರೆಸಿ ಸಾಕಾಯ್ತು" ಎಂದು ಅವರೇ ಆಸ್ಪತ್ರೆಯ ಗೋಡೆಯ ಮೇಲೆ ಕಂಡ ಚೀಟಿಯೊಂದರ ಫೋಟೋ ತಂದು ತೋರಿಸಿದರು. ಊರಿನ ವಿಶ್ವವಿದ್ಯಾಲಯಕ್ಕೆ ಪರದೇಶದಿಂದ ಬರುವ ವಿದ್ಯಾರ್ಥಿಗಳಿಗೆ ನೆರವಾಗಲು ಸ್ವಯಂಸೇವಕರು ಬೇಕು. ಸಂಬಳವಿಲ್ಲ.

"ಸ್ವಯಂ ನಿವೃತ್ತಿಯಾದವನಿಗೆ ಸ್ವಯಂಸೇವೆಯೇ ಗತಿ" ಎಂದರು ಭಾವ. ಆದರೆ ಮಾರನೆಯ ದಿನವೇ ಇಸ್ತ್ರಿಯ ಅಂಗಿ ತೊಟ್ಟು ಹೊರಟರು.

ವಿಶ್ವವಿದ್ಯಾಲಯದ ಮೆಟ್ಟಿಲಿನ ಪಕ್ಕದ ಪಡಸಾಲೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಬಣ್ಣದ ಕರಪತ್ರಗಳ ಗೂಡು. ಮೈಮೇಲೆ ಕಿತ್ತಳೆ ಬಣ್ಣದ ತೋಳಿಲ್ಲದ ಕೋಟು. ಎದೆಗೆ ಒಂದು ಬಿಲ್ಲೆ: ನನ್ನನ್ನು ಕೇಳಿ. ಬಿಲ್ಲೆ ಚುಚ್ಚಿಕೊಂಡ ಭಾವ ಅದನ್ನು ಎರಡು ಸಲ ಮುಟ್ಟಿ ನೋಡಿಕೊಂಡರು. ಮೂರು ಖಂಡ ದಾಟಿ ಬಂದ ಮೇಲೆ ವಿಚಾರಣೆ ಕೌಂಟರು ಮತ್ತೆ ಸಿಕ್ಕಿತ್ತು, ಅದೂ ಗಾಜಿಲ್ಲದೆ.

ಅಲ್ಲಿನ ಮೇಲ್ವಿಚಾರಕಿಯನ್ನು ಭಾವ ಮೇಡಂ ಎನ್ನುತ್ತಿದ್ದರು. ತೆಳ್ಳಗಿನ, ಮೃದುವಾದ, ಎರಡು ಸಲ ಹೇಳದ ಹೆಂಗಸು. ಮೊದಲ ದಿನವೇ ನಿಯಮ ಹೇಳಿದರು: ದಾರಿ ತೋರಿಸಿ, ಹೊತ್ತುಕೊಂಡು ಹೋಗಬೇಡಿ. ನಿಮ್ಮ ಫೋನ್ ನಂಬರ್ ಕೊಡಬೇಡಿ. ಯಾರ ಬಗ್ಗೆಯಾದರೂ ಮನಸ್ಸಿಗೆ ಕಸಿವಿಸಿಯಾದರೆ ನನಗೆ ಹೇಳಿ, ಅದು ಚಾಡಿಯಲ್ಲ. ಭಾವ ಮೂರಕ್ಕೂ ತಲೆಯಾಡಿಸಿದರು. ತಲೆಯಾಡಿಸುವುದರಲ್ಲಿ ಅವರಿಗೆ ಹಳೆಯ ಅನುಭವ.

ಹುಡುಗರಿಗೆ ಭಾವ ಬಹುಬೇಗ ಹಿಡಿಸಿದರು. ಎಲ್ಲೆಲ್ಲಿಂದಲೋ ಬಂದ ಮಕ್ಕಳು. ಬ್ಯಾಂಕ್ ಕಾರ್ಡು ಬಂದಿಲ್ಲ, ಕೋಣೆಯ ಬಿಸಿಗಾಳಿ ಯಂತ್ರ ಓಡುವುದಿಲ್ಲ, ಪಾಠ ಅರ್ಥವಾಗುವುದಿಲ್ಲ, ಗೆಳೆಯರಿಲ್ಲ. ಭಾವ ಕುರ್ಚಿ ಎಳೆದು ಕೂರಿಸುವರು. ಆಗುತ್ತೆ, ಬರುತ್ತೆ, ಮೊದಮೊದಲು ಹಾಗೇ. ಅವರ ಒಡಕು ಇಂಗ್ಲಿಷಿನಲ್ಲೂ ಆ ಮಾತಿಗೊಂದು ಬಿಸುಪಿತ್ತು. ಮಕ್ಕಳು ಕಣ್ಣೊರೆಸಿಕೊಂಡು ಎದ್ದು ಹೋಗುವರು. ತಿಂಗಳೊಪ್ಪತ್ತಿನಲ್ಲಿ ಪಡಸಾಲೆಯ ತುಂಬ ನಾನಾ ದೇಶದ ನಾಲಿಗೆಗಳು "ಬಾವಾ, ಬಾವಾ" ಎನ್ನತೊಡಗಿದವು. ಮಹಾಪ್ರಾಣ ಮಾತ್ರ ಯಾರಿಗೂ ಬರಲಿಲ್ಲ. ಪ್ರಾಣ ಇದ್ದರೆ ಸಾಕು, ಮಹಾಪ್ರಾಣ ಯಾಕೆ ಎಂದು ಭಾವ ಬಿಟ್ಟುಬಿಟ್ಟರು.

ವಾರಕ್ಕೊಮ್ಮೆ ಮೇಡಂ ಕೇಳುವರು, "ಯಾರ ಬಗ್ಗೆಯಾದರೂ ಕಸಿವಿಸಿ?"

"ಇಲ್ಲ ಮೇಡಂ. ಎಲ್ಲರೂ ಖುಷಿ."

ಟೈಲರ್ ಮಾಸ್ತರರೊಬ್ಬರ ಮಗಳು ಸಿಕ್ಕಿದ್ದು ಹಾಸ್ಟೆಲಿನ ನೆಲಮಾಳಿಗೆಯಲ್ಲಿ. ಹೊಸದಾಗಿ ಬಂದ ಹುಡುಗನೊಬ್ಬನಿಗೆ ಬಟ್ಟೆ ಒಗೆಯುವ ಯಂತ್ರ ತೋರಿಸಲು ಭಾವ ಇಳಿದಿದ್ದರು. ಗೋಡೆಯುದ್ದಕ್ಕೂ ದುಂಡು ಬಾಗಿಲಿನ ಯಂತ್ರಗಳು, ಸೋಪಿನ ವಾಸನೆ, ತಲೆಯ ಮೇಲೆ ಹಬೆ ಹೊತ್ತ ಕೊಳವೆ. ಕಾರ್ಡು ತೂರಿಸಿದರೆ ಯಂತ್ರ ಉಗಿಯಿತು. ಮತ್ತೆ ತೂರಿಸಿದರು, ಮತ್ತೆ ಉಗಿಯಿತು. "ಇದರ ಮನೆ ಹಾಳಾಗ, ಅಳಿಯನ ಥರ ಆಡ್ತಾ ಇದೆಯಲ್ಲಪ್ಪಾ" ಎಂದು ಭಾವ ಗೊಣಗಿದರು. ಮೂಲೆಯಿಂದ ಕಿಸಕ್ಕೆಂದು ನಗು ಬಂತು.

ಕೊನೆಯ ಯಂತ್ರದ ಪಕ್ಕ ನೆಲದ ಮೇಲೆ ಒಬ್ಬ ಹುಡುಗಿ ಕೂತಿದ್ದಳು, ಬೆನ್ನು ಯಂತ್ರಕ್ಕೆ ಒರಗಿಸಿ. ಸ್ವೆಟರಿನ ತೋಳು ಬೆರಳ ತುದಿಯವರೆಗೆ ಎಳೆದುಕೊಂಡಿದ್ದಳು.

"ಕನ್ನಡದವಳಾ?"

"ಹೂಂ ಅಂಕಲ್. ಕಾರ್ಡು ತಿರುಗಿಸಿ ಹಾಕಿ."

ಹಾಕಿದರು. ಯಂತ್ರ ತೆಗೆದುಕೊಂಡಿತು. ಹೊಸ ಹುಡುಗ "ಥ್ಯಾಂಕ್ ಯೂ ಬಾವಾ" ಎಂದು ಹೊರಟುಹೋದ. ಹುಡುಗಿಯ ಕಣ್ಣು ಅಗಲವಾಯಿತು. "ಆ ಹುಡುಗ ನಿಮ್ಮ ಹೆಂಡತಿ ಕಡೆಯವನಾ?"

ಭಾವ ಜೋಕನ್ನು ಬುಡದಿಂದ ಬಿಡಿಸಿ ಹೇಳಿದರು. ಹುಡುಗಿ ನಕ್ಕಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ನಗು ನಿಂತ ಮೇಲೂ ನೀರು ನಿಲ್ಲಲಿಲ್ಲ. ಎದುರಿಗೆ ಕನ್ನಡ ಕೇಳಿ ತುಂಬ ದಿನವಾಗಿತ್ತು, ಅದಕ್ಕೆ ಎಂದಳು. ಒಗೆಯಲು ಬಟ್ಟೆಯಿದ್ದರೂ ಇಲ್ಲದಿದ್ದರೂ ತಾನು ಇಲ್ಲಿಗೇ ಬಂದು ಕೂರುವುದು ಎಂದಳು. ಮೇಲಿನ ಕೋಣೆಯ ಕಿಟಕಿಯ ಎದುರು ಬರೀ ಗೋಡೆ. ಇಲ್ಲಾದರೆ ಬೆಚ್ಚಗಿದೆ, ಮತ್ತೆ ಯಂತ್ರದ ಸದ್ದು. "ನಮ್ಮಪ್ಪನ ಅಂಗಡೀಲಿ ಹೊಲಿಗೆ ಮಿಷನ್ ಸದ್ದಲ್ಲೇ ನಾನು ಓದ್ತಿದ್ದಿದ್ದು. ಸದ್ದು ನಿಂತ್ರೆ ಎಚ್ಚರ ಆಗೋದು."

ನಮ್ಮವಳು ಎಂದ ಮೇಲೆ ನಂಬರ್ ಕೊಡದೆ ಇರುವುದು ಹೇಗೆ? ಕೊಟ್ಟರು. ಹುಡುಗಿ ಅಪ್ಪನಿಗೆ ಕೊಟ್ಟಳು. ಭಾನುವಾರ ಫೋನು ಬಂತು.

ಮೊದಲು ಹೊಲಿಗೆ ಯಂತ್ರದ ಸದ್ದು ಕೇಳಿಸಿತು, ಆಮೇಲೆ ಸದ್ದು ನಿಂತಿತು, ಆಮೇಲೆ ಮಾತು. "ಸಾರ್, ನಾನು ಟೈಲರು, ನಿಮ್ಮ... ಅಲ್ಲಿ ಓದ್ತಿರೋ ಹುಡುಗಿ ಅಪ್ಪ. ತೊಂದರೆ ಕೊಟ್ನಾ ಸಾರ್?"

"ಎಂಥ ತೊಂದರೆ ಮಾಸ್ಟ್ರೇ! ನಮ್ಮನೆ ಮಗಳಿದ್ದ ಹಾಗೆ."

"ಹ್ಯಾಗಿದ್ದಾಳೆ ಸಾರ್?"

"ಫಸ್ಟ್ ಕ್ಲಾಸ್! ನಾನಿದೀನಲ್ಲ. ನೀವು ನಿಶ್ಚಿಂತೆಯಾಗಿ ಹೊಲೀತಾ ಇರಿ."

ಆಚೆ ಕಡೆ ಉದ್ದನೆಯ ಉಸಿರು. ಅದು ಇಳಿದು ಹೋದದ್ದು ಭಾವನವರ ಕಿವಿಗೇ ಕೇಳಿಸಿತು, ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಗಂಟು ಇಳಿಸಿ ಕೂತವರ ಉಸಿರಿನಂತೆ. ಇಂಥ ಉಸಿರು ಕೇಳಿ ಎಷ್ಟು ಕಾಲವಾಗಿತ್ತು! ಅಲ್ಲಿಂದ ಮುಂದೆ ಭಾನುವಾರಕ್ಕೊಂದು ಫೋನು. ಸಾರ್ ಹೋಗಿ ಅಣ್ಣ ಆಯಿತು. ಭಾನುವಾರ ಬೆಳಿಗ್ಗೆ ಭಾವ ಕಿಟಕಿಯ ಹತ್ತಿರ ನಿಲ್ಲುವುದು ಬಿಟ್ಟು ಫೋನಿನ ಹತ್ತಿರ ಕೂರತೊಡಗಿದರು.

ಹುಡುಗಿ ಮಾತ್ರ ವಾರದಿಂದ ವಾರಕ್ಕೆ ಸ್ವೆಟರಿನೊಳಗೆ ಚಿಕ್ಕದಾಗುತ್ತಿದ್ದಳು. ಭಾವನಿಗೆ ಕಾಣುತ್ತಿರಲಿಲ್ಲ ಎಂದಲ್ಲ. ಕಂಡಾಗಲೆಲ್ಲ, "ಊಟ ಸರಿಯಾಗಿ ಮಾಡು, ಹೊಂದಿಕೊಳ್ಳುತ್ತೆ" ಎನ್ನುತ್ತಿದ್ದರು. ಮೇಡಂಗೆ ಹೇಳಬಹುದಿತ್ತು. ಆದರೆ ಮನೆಯ ಹುಡುಗಿಯ ವಿಷಯ ಆಫೀಸಿಗೆ ಯಾರಾದರೂ ಹೇಳುತ್ತಾರೆಯೇ?

ಒಂದು ಮಧ್ಯಾಹ್ನ ನೆಲಮಾಳಿಗೆಯಲ್ಲಿ ಅವಳೇ ಬಾಯಿ ಬಿಟ್ಟಳು. ಯಂತ್ರದಲ್ಲಿ ಬಟ್ಟೆ ತಿರುಗುತ್ತಿತ್ತು, ಅವಳು ಅದನ್ನೇ ನೋಡುತ್ತ ಮಾತಾಡಿದಳು.

"ಅಂಕಲ್, ನಾನು ಕ್ಲಾಸಿಗೆ ಹೋಗ್ತಾ ಇಲ್ಲ. ಹೋಗಿ ಕೂತ್ರೆ ಸದ್ದು ಕೇಳುತ್ತೆ, ಮಾತು ಕೇಳಲ್ಲ. ಊರಲ್ಲಿ ನಾನೇ ಎಲ್ರಿಗೂ ಲೆಕ್ಕ ಹೇಳಿಕೊಡ್ತಿದ್ದೆ. ಇಲ್ಲಿ ಪ್ರಶ್ನೆ ಏನು ಅಂತಾನೇ ಗೊತ್ತಾಗಲ್ಲ. ಹಗಲೆಲ್ಲ ಮಲಗಿರ್ತೀನಿ. ನಂಗೆ ಮನೆಗೆ ಹೋಗ್ಬೇಕು."

"ಅಯ್ಯೋ, ಮೊದಮೊದಲು..."

"ಅದನ್ನೇ ಅಪ್ಪಾನೂ ಅಂತಾರೆ. ಅವರು ಚಿಕ್ಕವರಿದ್ದಾಗ ಹಾಸ್ಟೆಲ್ ಬಿಟ್ಟು ಮನೆಗೆ ಓಡಿಬಂದ್ರಂತೆ. ಓಡಿಬಂದಿದ್ದಕ್ಕೇ ಜೀವನವೆಲ್ಲ ಬೇರೆಯವರ ಅಳತೆ ತಗೊಂಡು ಕೂತೆ, ನೀನು ಓಡಿಬರಬೇಡ ಅಂತಾರೆ. ನಾನು ಅತ್ರೆ ಅವರಿಗೆ ಓಡಿಬಂದ ಆ ಹುಡುಗಾನೇ ಕಾಣ್ತಾನೆ. ನನ್ನ ಮಾತು ಕೇಳಲ್ಲ." ಸ್ವಲ್ಪ ಹೊತ್ತು ಬಟ್ಟೆ ನೋಡಿದಳು. "ಆದ್ರೆ ಒಂದು ಮಾತು ಅಂದಿದಾರೆ. ಅಲ್ಲಿರೋ ದೊಡ್ಡವರು ಯಾರಾದ್ರೂ ಇವಳ ಕೈಲಿ ಆಗಲ್ಲ ಅಂತ ನನ್ನ ಕಿವಿಗೆ ಹೇಳಿದ ದಿನ ಬಾ ಅಂತೀನಿ, ಎದುರು ಒಂದು ಮಾತಾಡಲ್ಲ ಅಂತ."

"ದೊಡ್ಡವರು ಅಂದ್ರೆ?"

"ನೀವೇ ಅಂಕಲ್. ಇನ್ಯಾರಿದ್ದಾರೆ?"

ಭಾವ ಆಗಲಿ ಎಂದರು. ಭಾನುವಾರ ಇಲ್ಲೇ ಕೂತು, ಅವಳ ಎದುರಿಗೇ ಹೇಳುವುದೆಂದು ಮಾತಾಯಿತು. ಹುಡುಗಿ ಅವರ ಕೈಯನ್ನು ಸ್ವೆಟರಿನ ತೋಳಿನಿಂದಲೇ ಒಂದು ಸಲ ಒತ್ತಿದಳು.

ಸಂಜೆ ಸಿಸ್ಟರ್ ಬಂದು ಚಪ್ಪಲಿ ಬಿಡುವ ಮೊದಲೇ ಭಾವ ಎಲ್ಲ ಹೇಳಿದರು. ಸಿಸ್ಟರ್ ಕಾಲನ್ನು ಬಿಸಿನೀರಿನಲ್ಲಿಟ್ಟು ಕೂತು ಕೇಳಿದರು.

"ಹೇಳೋದೇನೋ ಸರಿ. ನಿಮ್ಮ ಕೈಲಿ ಆಗುತ್ತಾ?"

"ಯಾಕಾಗಲ್ಲ? ಜೀವನವೆಲ್ಲ ಹೇಳೋದೇ ನನ್ನ ಕೆಲಸ."

"ನಮ್ಮ ವಾರ್ಡಲ್ಲಿ ಕೆಟ್ಟ ಸುದ್ದಿ ಹೇಳೋಕೆ ಮುಂಚೆ ಜನಾನ ಕೂರಿಸ್ತೀವಿ, ಆಮೇಲೆ ಹೇಳ್ತೀವಿ. ನೀವು ಕೂರಿಸ್ತೀರಿ, ಅಲ್ಲಿಗೆ ಮುಗೀತು."

ಭಾವ ಮುಖ ಊದಿಸಿಕೊಂಡರು. ಸಿಸ್ಟರಿಗೆ ಮರುಕ ಬಂತು. ಬನ್ನಿ, ಅಭ್ಯಾಸ ಮಾಡಿಸ್ತೀನಿ, ನಾನೇ ಟೈಲರು ಅಂದ್ಕೊಳ್ಳಿ ಎಂದರು. "ಮೊದಲು ಕೂತಿದೀರಾ ಕೇಳಿ. ಆಮೇಲೆ ಒಂದು ಕಷ್ಟದ ಮಾತಿದೆ ಅನ್ನಿ. ಆಮೇಲೆ ಮಾತು ಹೇಳಿ, ಗಿಡ್ಡಗೆ. ಆಮೇಲೆ ಸುಮ್ಮನಿರಿ."

"ಸುಮ್ಮನಿರೋದಾ?"

"ಅದೇ ಮುಖ್ಯ. ಎದುರಿನವರಿಗೆ ಅಳೋಕೆ ಜಾಗ ಬೇಡ್ವಾ?"

ಭಾವ ಗಂಟಲು ಸರಿಮಾಡಿಕೊಂಡರು. "ಮಾಸ್ಟ್ರೇ, ಕೂತಿದೀರಾ?"

"ಕೂತಿದೀನಣ್ಣ" ಎಂದರು ಸಿಸ್ಟರ್, ಬಿಸಿನೀರಿನಿಂದ.

"ಒಂದು ಕಷ್ಟದ ಮಾತಿದೆ. ನಿಮ್ಮ ಮಗಳಿಗೆ ಇಲ್ಲಿ ಆಗ್ತಾ ಇಲ್ಲ, ಕರೆಸ್ಕೊಳ್ಳಿ." ಸಿಸ್ಟರ್ ಮಾತಾಡಲಿಲ್ಲ. ಭಾವನೂ ಮಾತಾಡಲಿಲ್ಲ. ಗೋಡೆ ಗಡಿಯಾರ ಒಂದೆರಡು ಸಲ ಟಿಕ್ ಎಂದಿತು. "ಆದ್ರೆ ಚಿಂತೆ ಮಾಡ್ಬೇಡಿ..."

"ರೀ!"

ನಾಲ್ಕೈದು ಸಲ ಆಯಿತು. ಕೊನೆಯ ಸಲ ಭಾವ ಬಾಯಿಯ ಮೇಲೆ ಕೈಯಿಟ್ಟುಕೊಂಡು ಹೇಗೋ ಸುಮ್ಮನಿದ್ದರು. ಸಿಸ್ಟರ್ ಪಾಸ್ ಎಂದರು, ಜಸ್ಟ್ ಪಾಸ್.

ಭಾನುವಾರ ನೆಲಮಾಳಿಗೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹುಡುಗಿ ತಲೆ ಬಾಚಿಕೊಂಡು ಬಂದಿದ್ದಳು. ಊರಿಗೆ ಹೊರಡುವವಳಂತೆ ಇದ್ದಬದ್ದ ಬಟ್ಟೆಯನ್ನೆಲ್ಲ ತಂದು ಯಂತ್ರಕ್ಕೆ ತುಂಬಿದ್ದಳು. ಫೋನನ್ನು ಇಬ್ಬರ ನಡುವೆ ಯಂತ್ರದ ಮೇಲಿಟ್ಟು ಸ್ಪೀಕರ್ ಹಾಕಿದರು. ಅವಳು ಇದ್ದಾಳೆಂದು ಹೇಳುವುದಿಲ್ಲ ಎಂದು ಮೊದಲೇ ಮಾತಾಗಿತ್ತು.

ಹೊಲಿಗೆ ಯಂತ್ರದ ಸದ್ದು. ಸದ್ದು ನಿಂತಿತು.

"ಅಣ್ಣಾ! ಈಗ ನಾನೇ ಮಾಡೋಣ ಅಂತಿದ್ದೆ."

"ಮಾಸ್ಟ್ರೇ, ಕೂತಿದೀರಾ?"

"ನಿಂತು ಹೊಲಿಯೋ ಟೈಲರನ್ನ ಎಲ್ಲಾದ್ರೂ ನೋಡಿದೀರಾ ಅಣ್ಣಾ?" ಮಾಸ್ತರರು ತಮ್ಮ ಜೋಕಿಗೆ ತಾವೇ ನಕ್ಕರು. "ಒಂದು ವಿಷಯ ಕೇಳಿ. ಅವಳಿಗೊಂದು ಕೋಟು ಕಟ್ ಮಾಡಿದೀನಿ. ಡಿಗ್ರಿ ತಗೊಳ್ಳೋ ದಿನಕ್ಕೆ. ಇನ್ನೂ ಟೈಮಿದೆ, ಗೊತ್ತು. ಆದ್ರೆ ಒಳ್ಳೆ ಬಟ್ಟೆ ಸಿಕ್ತು. ಅಳತೆ ಹಳೇದೇ ಇದೆ ನನ್ನತ್ರ. ಸ್ವಲ್ಪ ದಪ್ಪ ಆಗಿದಾಳಾ ಹ್ಯಾಗೆ? ಹೊರದೇಶದ ಊಟ. ಬದಿಗೆ ಒಂದಿಂಚು ಜಾಸ್ತಿ ಬಿಡ್ಲಾ?"

ಭಾವ ಹುಡುಗಿಯ ಕಡೆ ನೋಡಿದರು. ಸ್ವೆಟರಿನ ಭುಜ ತೋಳಿನ ಅರ್ಧಕ್ಕೆ ಇಳಿದಿತ್ತು. ಅವಳು ಅವರ ಬಾಯಿಯನ್ನೇ ನೋಡುತ್ತಿದ್ದಳು.

"ಮಾಸ್ಟ್ರೇ, ಒಂದು..."

"ಹೇಳಿ ಅಣ್ಣಾ."

"ಒಂದು ಕಷ್ಟದ..."

ಮಾಸ್ತರರು ಉಸಿರು ಹಿಡಿದಿದ್ದರು. ಆ ಉಸಿರನ್ನು ಹಾಗೆ ನಿಲ್ಲಿಸಿಟ್ಟವನು ತಾನು. ಎದ್ದು ನಿಂತ ಮನುಷ್ಯನ ಉಸಿರು ಅದು. ಕೂರಿಸಲು ಒಂದೇ ಮಾತು ಸಾಕು, ಅದು ನಾಲಿಗೆಯ ತುದಿಯಲ್ಲೇ ಇತ್ತು, ಇಪ್ಪತ್ತು ವರ್ಷದಿಂದ ಅಲ್ಲೇ ಇತ್ತು.

"ಏನಾಯ್ತಣ್ಣಾ? ಅವಳ ಕೈಲಿ ಆಗ್ತಾ ಇಲ್ವಾ? ನಿಜ ಹೇಳಿ."

"ಛೆ ಛೆ, ಅದಲ್ಲ ಮಾಸ್ಟ್ರೇ. ಕಷ್ಟದ ಓದು ಅಂತ ಹೇಳೋಕೆ ಹೋದೆ. ಆಗುತ್ತೆ, ಯಾಕಾಗಲ್ಲ? ಚೆನ್ನಾಗಿದಾಳೆ. ಸ್ವಲ್ಪ ಕಾಯ್ಬೇಕು ಅಷ್ಟೇ."

"ಅಬ್ಬಾ, ಹೆದರಿಸಿಬಿಟ್ರಲ್ಲಾ! ಹಾಗಾದ್ರೆ ಒಂದಿಂಚು?"

"ಬಿಡಿ, ಒಂದಿಂಚು ಬಿಡಿ."

ಫೋನು ಇಟ್ಟ ಮೇಲೆ ಭಾವ ತಲೆಯೆತ್ತಲಿಲ್ಲ. "ಮುಂದಿನ ವಾರ ಖಂಡಿತ ಹೇಳ್ತೀನಿ. ಇವತ್ತು ಕೋಟಿನ ವಿಷಯ ಬಂದುಬಿಡ್ತು ನೋಡು, ಇಲ್ಲಾಂದ್ರೆ..." ಎಂದರು. ಹುಡುಗಿ ಯಂತ್ರವನ್ನು ಅರ್ಧಕ್ಕೆ ನಿಲ್ಲಿಸಿದಳು. ನೀರು ಸೋರುವ ಬಟ್ಟೆಗಳನ್ನು ಎಳೆದೆಳೆದು ಚೀಲಕ್ಕೆ ತುಂಬಿದಳು. ಕೋಪವಿರಲಿಲ್ಲ ಅವಳ ಮುಖದಲ್ಲಿ, ಅದಿದ್ದರೆ ಭಾವ ಏನಾದರೂ ಹೇಳಿ ಇಳಿಸುತ್ತಿದ್ದರು.

"ಪರವಾಗಿಲ್ಲ ಅಂಕಲ್. ನಂಗೂ ಹೇಳೋಕೆ ಆಗ್ಲಿಲ್ಲ. ನಿಮಗೂ ಆಗ್ಲಿಲ್ಲ. ಅಪ್ಪ ಎಷ್ಟು ಖುಷಿಯಾಗಿದ್ರು ಅಲ್ವಾ?"

ಮೆಟ್ಟಿಲುದ್ದಕ್ಕೂ ಚೀಲದಿಂದ ನೀರು ತೊಟ್ಟಿಕ್ಕಿತು. ಭಾವ ಅದನ್ನು ಒರೆಸಿದರು. ಯಾರಾದರೂ ಜಾರಿ ಬಿದ್ದಾರು ಎಂದು.

ಮುಂದಿನ ಭಾನುವಾರ ಅವಳು ನೆಲಮಾಳಿಗೆಗೆ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಆಮೇಲೆ ನಂಬರೇ ಸತ್ತುಹೋಯಿತು. ಕೋಣೆಯ ಬಾಗಿಲು ತಟ್ಟಿದರೆ ಪಕ್ಕದ ಕೋಣೆಯವಳು ತಲೆ ಹೊರಹಾಕಿ ಹೇಳಿದಳು: ಎರಡು ಚೀಲ ಹಿಡಿದುಕೊಂಡು ಹೋದಳು, ಬೇರೆ ಊರಿಗೆ. ಅಲ್ಲಿ ಪೆಟ್ಟಿಗೆಗೆ ಸಾಮಾನು ತುಂಬುವ ಗೋದಾಮಿನಲ್ಲಿ ಕೆಲಸ ಕೊಡುತ್ತಾರಂತೆ, ಕಾಗದಪತ್ರ ಕೇಳುವುದಿಲ್ಲವಂತೆ. ಯಾವ ಊರು? ಭುಜ ಕುಣಿಸಿದಳು. ಬಾಗಿಲ ಸಂದಿಯಿಂದ ಕಾಣುತ್ತಿದ್ದ ಕಿಟಕಿಯ ಆಚೆ ನಿಜವಾಗಿಯೂ ಬರೀ ಗೋಡೆ.

ಮೇಡಂ ಕರೆಸಿ ಕೂರಿಸಿದರು. ಮೇಜಿನ ಮೇಲೆ ಅಂಗವಸ್ತ್ರದಷ್ಟು ದೊಡ್ಡ ಕಾಗದದ ಕರವಸ್ತ್ರಗಳ ಡಬ್ಬಿ ಇತ್ತು. "ತರಗತಿಗೆ ಬರದ್ದಕ್ಕೆ ಆಕೆಯ ಹೆಸರು ತೆಗೆದುಹಾಕಿದ್ದಾರೆ. ಇನ್ನು ಈ ದೇಶದಲ್ಲಿರುವ ಹಕ್ಕು ಆಕೆಗಿಲ್ಲ. ಮೊದಲೇ ಗೊತ್ತಾಗಿದ್ದರೆ ಒಂದು ವರ್ಷ ರಜೆ ಕೊಟ್ಟು, ಮರ್ಯಾದೆಯಿಂದ ಮನೆಗೆ ಕಳಿಸುತ್ತಿದ್ದೆವು. ಬೇಕೆಂದಾಗ ವಾಪಸ್ ಬರಬಹುದಿತ್ತು. ಹಾಗೊಂದು ಏರ್ಪಾಡಿದೆ." ಕರವಸ್ತ್ರದ ಡಬ್ಬಿಯನ್ನು ಭಾವನ ಕಡೆ ಸರಿಸಿದರು. "ನಿಮಗೆ ಆಕೆ ಗೊತ್ತಿತ್ತೇ?"

"ಪರಿಚಯ ಇತ್ತು" ಎಂದರು ಭಾವ.

ಮನೆಗೆ ಹೋಗಿ ಆ ಮಾತನ್ನೂ ಸಿಸ್ಟರಿಗೆ ಹೇಳಿದರು. ಸಿಸ್ಟರ್ ಬೈಯಲಿಲ್ಲ. ಫೋನು ತಂದು ಅವರ ಮುಂದಿಟ್ಟು, ಪಕ್ಕದಲ್ಲಿ ಕೂತು, ಅವರ ಮೊಣಕಾಲ ಮೇಲೆ ಕೈಯಿಟ್ಟರು. ರೋಗಿಯ ಕಡೆಯವರ ಮೊಣಕಾಲ ಮೇಲೆ ಇಡುವ ಹಾಗೆ.

ಹೊಲಿಗೆ ಯಂತ್ರದ ಸದ್ದು ನಿಂತಿತು.

"ಮಾಸ್ಟ್ರೇ, ಕೂತಿದೀರಾ? ಒಂದು ಕಷ್ಟದ ಮಾತಿದೆ. ನಿಮ್ಮ ಮಗಳು ಓದು ಬಿಟ್ಟಿದಾಳೆ. ಇಲ್ಲಿಲ್ಲ. ಎಲ್ಲಿದಾಳೆ ಅಂತ ನಂಗೊತ್ತಿಲ್ಲ. ಅವಳಿಗೆ ಇಲ್ಲಿ ಮೊದಲಿಂದಲೂ ಆಗ್ತಿರಲಿಲ್ಲ. ನಾನು ನಿಮಗೆ ಸುಳ್ಳು ಹೇಳ್ದೆ."

ಹೇಳಿ ಸುಮ್ಮನಾದರು. ಈ ಸಲ ಬಾಯಿಯ ಮೇಲೆ ಕೈಯಿಡುವುದು ಬೇಕಾಗಲಿಲ್ಲ. ಸಿಸ್ಟರ್ ಮೊಣಕಾಲು ಒತ್ತಿದರು. ಆಚೆ ಕಡೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಕೇಳಿಸಿದ್ದು ನಗು.

"ಅಣ್ಣಾ, ಅಣ್ಣಾ. ಯಾರೋ ಏನೋ ಹೇಳಿ ನಿಮ್ಮನ್ನ ಹೆದರಿಸಿದಾರೆ. ನಿನ್ನೆ ತಾನೇ ಹೊಸ ನಂಬರಿಂದ ಮೆಸೇಜ್ ಮಾಡಿದಾಳೆ. ಚೆನ್ನಾಗಿದೀನಪ್ಪಾ, ಓದು ಜಾಸ್ತಿ, ಫೋನ್ ಮಾಡೋಕೆ ಟೈಮಿಲ್ಲ, ಸ್ವಲ್ಪ ಕಾಯ್ಬೇಕು ಅಂತ."

"ಅದು ಸುಳ್ಳು ಮಾಸ್ಟ್ರೇ. ಆ ನಂಬರ್ ನಂಗೆ ಕೊಡಿ, ನಾನೊಂದು ಸಲ..."

"ಕೊಡ್ಬೇಡ ಅಂದಿದಾಳಣ್ಣಾ. ಪರೀಕ್ಷೆ ಮುಗಿಯೋವರೆಗೂ ಯಾರಿಗೂ ಬೇಡ, ಅಂಕಲ್‌ಗೂ ಬೇಡ ಅಂತ. ಬೇಜಾರು ಮಾಡ್ಕೋಬೇಡಿ, ವಯಸ್ಸಿನ ಮಕ್ಕಳು. ನೀವೇ ಹೇಳಿದ್ರಲ್ಲ, ಮೊದಮೊದಲು ಹಾಗೇ ಅಂತ?" ದನಿ ಇನ್ನೂ ಮೆತ್ತಗಾಯಿತು. "ನೀವು ಒಂಟಿಯಾಗಿ ಕೂತು ಏನೇನೋ ಯೋಚನೆ ಮಾಡ್ತೀರಿ. ಚಿಂತೆ ಬಿಡಿ ಅಣ್ಣಾ. ಎಲ್ಲಾ ಸರಿಹೋಗುತ್ತೆ."

ಮಾಸ್ತರರಿಗೆ ಫೋನು ಕತ್ತರಿಸುವುದು ಎಂದೂ ಸರಿಯಾಗಿ ಬಂದಿರಲಿಲ್ಲ. ಬಟ್ಟೆ ಕತ್ತರಿಸುವ ಕೈ. ಫೋನನ್ನು ಪಕ್ಕಕ್ಕಿಟ್ಟದ್ದು ಕೇಳಿಸಿತು, ಯಾರಿಗೋ "ಪಾಪ, ಒಳ್ಳೆ ಮನುಷ್ಯ" ಎಂದದ್ದು ಕೇಳಿಸಿತು, ಆಮೇಲೆ ಹೊಲಿಗೆ ಯಂತ್ರ ಶುರುವಾಯಿತು. ಭಾವ, ಸಿಸ್ಟರ್ ಇಬ್ಬರೂ ಕೂತು ಅದನ್ನು ಕೇಳಿದರು. ಉದ್ದನೆಯ ಹೊಲಿಗೆ. ಕೋಟಿನ ಬದಿಯೇ ಇರಬೇಕು.

ಭಾವ ಈಗಲೂ ವಿಶ್ವವಿದ್ಯಾಲಯಕ್ಕೆ ಹೋಗುತ್ತಾರೆ. ಆದರೆ ಮೇಜಿನ ಹಿಂದೆ ಕೂರುವುದಿಲ್ಲ. ಆ ಭಾನುವಾರದ ಮೇಲೆ ಯಾರೇನು ಕೇಳಿದರೂ "ಗೊತ್ತಿಲ್ಲ" ಎನ್ನತೊಡಗಿದರು. ಕಾರ್ಡು ಬರದೆಯೂ ಇರಬಹುದು. ಪಾಠ ಅರ್ಥವಾಗದೆಯೇ ಹೋಗಬಹುದು. ಮನೆಗೆ ಹೋಗಬೇಕೆನಿಸಿದರೆ ಇವತ್ತೇ ಅಪ್ಪನಿಗೆ ಹೇಳು, ನೀನೇ ಹೇಳು, ನನ್ನನ್ನು ನಂಬಬೇಡ. ಬಂದ ದಿನವೇ ಹೀಗೆ ಕೇಳಿಸಿಕೊಂಡ ಹುಡುಗನೊಬ್ಬ ಅತ್ತುಕೊಂಡು ಆಫೀಸಿಗೆ ಹೋದ. ಮೇಡಂ ಮೃದುವಾಗಿಯೇ ಬಿಲ್ಲೆಯನ್ನು ವಾಪಸ್ ತೆಗೆದುಕೊಂಡರು, ಬೇರೆ ಕೆಲಸ ಕೊಟ್ಟರು.

ಹೊಸ ಮಕ್ಕಳ ಸಭೆಯಿರುವ ದಿನ ದೊಡ್ಡ ಹಜಾರದಲ್ಲಿ ಅವರು ಕುರ್ಚಿ ಹಾಕುತ್ತಾರೆ. ಸಾಲು ನೋಡಿ, ನಡುವೆ ದಾರಿ ಬಿಟ್ಟು, ಅಲುಗಾಡುವ ಕಾಲಿಗೆ ಕಾಗದ ಮಡಿಸಿಟ್ಟು. ಬಾಗಿಲು ತೆರೆಯುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಮಕ್ಕಳು ಬಂದು ತಾವಾಗಿಯೇ ಕೂರುತ್ತಾರೆ. ವೇದಿಕೆಯ ಮೇಲೆ ನಿಂತು ಯಾರೋ ಅವರಿಗೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಆ ಹೊತ್ತಿಗೆ ಭಾವ ಹೊರಗೆ ಬಸ್ ನಿಲ್ದಾಣದಲ್ಲಿರುತ್ತಾರೆ, ಹಲಗೆಯ ಕೆಳಗೆ, ನಿಂತುಕೊಂಡು.